ಆದಾಯಕ್ಕೆ ತಕ್ಕ ಶುಲ್ಕ

(ಹಗಲು ಆರೈಕೆ ಕೇಂದ್ರದ ಕೌಂಟರು. ಪೆನ್ನನ್ನು ದಾರದಿಂದ ಮೇಜಿಗೆ ಕಟ್ಟಿದ್ದಾರೆ. ಅರ್ಜಿದಾರರ ಮೇಲೆ ಅಷ್ಟು ನಂಬಿಕೆ.)

"ನೋಡಿಮ್ಮ, ಇಲ್ಲಿ ಬಡವರಿಗೆ ಕಡಿಮೆ, ಉಳ್ಳವರಿಗೆ ಜಾಸ್ತಿ. ನಿಮ್ಮ ಆದಾಯ?"

"ಸೊನ್ನೆ ಸರ್. ಅತ್ತೆಗೆ ಪಾರ್ಕಿನ್ಸನ್. ನೋಡ್ಕೊಳ್ಳೋಕೆ ಅಂತಲೇ ಕೆಲಸ ಬಿಟ್ಟೆ."

"ಫಾರಂ 16ರಲ್ಲಿ ಸಂಬಳ ಕಾಣ್ತಿದೆಯಲ್ಲ?"

"ಅದು ಹೋದ ವರ್ಷದ್ದು."

"ಹಾಗಾದ್ರೆ ಸೊನ್ನೆ ಬರೋದು ಮುಂದಿನ ವರ್ಷ. ಆಗ ಬನ್ನಿ. ಬಿಪಿಎಲ್ ಕಾರ್ಡು?"

"ವರ್ಷಕ್ಕೆ 1.20 ಲಕ್ಷ ದಾಟಿದ್ರೆ ಕೊಡಲ್ವಲ್ಲ. ಯಜಮಾನರ ಸಂಬಳ ಅದನ್ನ ದಾಟುತ್ತೆ, ಅತ್ತೆ ಮಾತ್ರೆ, ಡಯಾಪರಿಗೇ ಮುಗಿದೂ ಹೋಗುತ್ತೆ."

"ಅದು ಖರ್ಚು. ನಾನು ಕೇಳಿದ್ದು ಆದಾಯ. ಗೃಹಲಕ್ಷ್ಮಿ 2,000 ಬರುತ್ತಾ?"

"ಬರುತ್ತೆ, ಬಂದಾಗ."

"ಬರ್ಕೊಂಡೆ. 2024ರ ಬಜೆಟ್ಟಲ್ಲಿ ಪಾರ್ಕಿನ್ಸನ್ ಇರೋರ ಆರೈಕೆದಾರರಿಗೆ ತಿಂಗಳಿಗೆ 1,000 ಅಂದಿದ್ರಲ್ಲ?"

"ಇನ್ನೂ ಅರ್ಜಿ ಹಾಕಿಲ್ಲ ಸರ್."

"ಛೆ, ಹಾಕಿ! ನಿಮ್ಮ ಹಕ್ಕು ಅದು. ಬಂದ ತಕ್ಷಣ ತಿಳಿಸಿ, ಶುಲ್ಕ ಏರಿಸ್ತೀವಿ."

"ರಾತ್ರಿ ನಾಲ್ಕು ಸಲ ಏಳ್ತೀನಲ್ಲ, ಅದಕ್ಕೇನಾದ್ರೂ ಕಳೀತೀರಾ?"

"ನಿದ್ದೆಗೆ ಕಾಲಂ ಇಲ್ಲ. ಹೋಗಿ, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತನ್ನಿ."

"ಅಲ್ಲಿ ಕ್ಯೂ ನಿಂತಷ್ಟು ಹೊತ್ತು ಅತ್ತೇನ ಯಾರು ನೋಡ್ಕೊಳ್ತಾರೆ?"

"ಅದಕ್ಕೇ ಅಲ್ವೇನಮ್ಮ ಈ ಕೇಂದ್ರ ಇರೋದು!"

"ಹಾಗಾದ್ರೆ ಇವತ್ತು ಬಿಟ್ಟು ಹೋಗ್ಲಾ?"

"ಧಾರಾಳವಾಗಿ. ಪ್ರಮಾಣಪತ್ರ ಇಲ್ಲದೋರು ಶ್ರೀಮಂತರು ಅಂತಲೇ ನಮ್ಮ ಲೆಕ್ಕ. ಪೂರ್ತಿ ಶುಲ್ಕ ಕಟ್ಟಿ. ಫೋನ್‌ಪೇನಾ, ಕ್ಯಾಶಾ?"