ಕ್ವಾಂಟಮ್ ಸಮಿತಿ

ಕುಂದಾಪುರ, ಶಾಸ್ತ್ರಿ ಸರ್ಕಲ್ ಹತ್ತಿರದ ಒಂದು ಹೋಟೆಲು.

ಶೆಟ್ರು: ಹ್ವಾಯ್ ಮಾಷ್ಟ್ರೇ, ಕ್ವಾಂಟಮ್ಮಿಗೆ ಸರ್ಕಾರದ ದುಡ್ಡ್ ಬಂತಂಬ್ರಲೆ?

ಮಾಷ್ಟ್ರು: ಹೌದ್ ಶೆಟ್ರೆ, ರಾಷ್ಟ್ರೀಯ ಕ್ವಾಂಟಮ್ ಮಿಷನ್. 2023ರ ಏಪ್ರಿಲಲ್ಲಿ ಕೇಂದ್ರ ಸಂಪುಟ ಒಪ್ಪಿದ್ದ್. 2031ರ ತನಕ 6,003.65 ಕೋಟಿ. ಕಂಪ್ಯೂಟಿಂಗ್ ಬೆಂಗ್ಳೂರಿನ ಐಐಎಸ್‌ಸಿಗೆ, ಸಂವಹನ ಮದ್ರಾಸ್ ಐಐಟಿಗೆ.

ಶೆಟ್ರು: ಕುಂದಾಪ್ರಕ್ಕೆ?

ಮಾಷ್ಟ್ರು: ಎಂತದೂ ಇಲ್ಲೆ.

ಶೆಟ್ರು: ಈ ಕ್ಯೂಬಿಟ್ ಅಂದ್ರೆ ಎಂತ ಮರ್ರೆ?

ಮಾಷ್ಟ್ರು: ಸೊನ್ನೆ, ಒಂದು ಎರಡೂ ಒಟ್ಟಿಗೆ. ಅಳತೆ ಮಾಡಿದ ಕೂಡ್ಲೆ ಯಾವ್ದಾರೂ ಒಂದೇ.

ಶೆಟ್ರು: ಪಾರ್ಟಿ ಟಿಕೆಟ್ ಹಂಚುಕ್ ಮುಂಚಿನ ಮುಖಂಡ್ರ್ ಕಣಂಗೆ! ಹಾಂಗಾರೆ ಬಿಡುಕಾಗ. ಬೈಂದೂರು-ಬ್ರಹ್ಮಾವರ ಕ್ವಾಂಟಮ್ ಸಮುದಾಯ ಕಟ್ವ.

ಮಾಷ್ಟ್ರು: ಅಂತರರಾಷ್ಟ್ರೀಯ ಸಹಕಾರ ಬೇಕಲ್ದಾ? 2023ರಲ್ಲೇ ಭಾರತ-ಅಮೆರಿಕ ಜಂಟಿ ಕ್ವಾಂಟಮ್ ಸಮನ್ವಯ ವ್ಯವಸ್ಥೆ ಘೋಷಣೆ ಆಯ್ತ್.

ಶೆಟ್ರು: ನಮಗೆ ದುಬೈ ಸಾಕ್. ಗೌರವಾಧ್ಯಕ್ಷ್ರ್ ಅಲ್ಲಿನವ್ರ್, ಊಟದ ಖರ್ಚ್ ಮುಂಬೈ ಹೋಟ್ಲಿನವ್ರ್, ರಾತ್ರಿಗೆ ಬಡಗುತಿಟ್ಟಿನ ಯಕ್ಷಗಾನ ಆಟ.

ಮಾಷ್ಟ್ರು: ಸಂಶೋಧನೆ?

ಶೆಟ್ರು: ಸನ್ಮಾನ ಆದ್ ಮೇಲೆ, ಟೈಮ್ ಉಳಿದ್ರೆ.

(ಆಮಂತ್ರಣ ಪತ್ರಿಕೆ ಅಚ್ಚಾಗಿದೆ. ಉಪಾಧ್ಯಕ್ಷರೇ 17 ಮಂದಿ. ಭೌತಶಾಸ್ತ್ರ ಓದಿದವರೂ ಒಬ್ಬರಿದ್ದಾರೆ, ಪಾರ್ಕಿಂಗ್ ಉಸ್ತುವಾರಿಗೆ.)