ಗೋಸುಂಬೆಯ ಗುರುತಿನ ಚೀಟಿ

ನಮ್ಮ ಹೊಲದ ಬೇಲಿಯ ಮೇಲೆ ಕೂತು ಹೂಂಗುಟ್ಟಿದಂತೆ ತಲೆಯಾಡಿಸುವ ಪ್ರಾಣಿಯನ್ನು ನಾನು ಬಹಳ ವರ್ಷ ಗೋಸುಂಬೆ ಎಂದೇ ನಂಬಿದ್ದೆ. ಮದ ಬಂದಾಗ ಅದರ ಕತ್ತು ಕೆಂಪೇರುತ್ತಿತ್ತು, ಬೇಡವಾದಾಗ ಮತ್ತೆ ಕಂದಾಗುತ್ತಿತ್ತು. ಬಣ್ಣ ಬದಲಿಸುವುದೆಂದರೆ ಇದೇ ತಾನೆ? ಅದು ಬರೀ ಓತಿಕ್ಯಾತ ಎಂದು ತಿಳಿಯುವಷ್ಟರಲ್ಲಿ ನನಗೆ ಮೂವತ್ತು ದಾಟಿತ್ತು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂದು ಗಾದೆಯೇ ಇದೆ. ಬೇಲಿಯನ್ನು ಕೇಳಿದ್ದರೂ ಹೇಳುತ್ತಿತ್ತು.

ತಿಳಿಸಿಕೊಟ್ಟವನು ನನ್ನ ಭಾವಮೈದ. "ನಿಜವಾದ ಗೋಸುಂಬೆ ಹಗಲು ಹುಡುಕಿದ್ರೆ ಸಿಗಲ್ಲ ಭಾವ, ಊಟ ಮುಗಿಸಿ ಟಾರ್ಚ್ ತಗೊಂಡು ಬನ್ನಿ" ಎಂದ. ಹಗಲೆಲ್ಲ ಎಲೆಯೊಳಗೆ ಎಲೆಯಾಗಿರುವ ಈ ಮಹಾ ವೇಷಧಾರಿ ನಿದ್ದೆಯಲ್ಲಿ ಬಣ್ಣ ಕಳಚಿ ಬಿಳಿಚಿಕೊಳ್ಳುತ್ತದಂತೆ. ನಿಜವೇ. ಜಾಲಿಯ ಕೊಂಬೆಯ ತುದಿಯಲ್ಲಿ ಕಿರುಬೆರಳುದ್ದದ ಮರಿಯೊಂದು ಟಾರ್ಚಿನ ಬೆಳಕಿಗೆ ಒಣಹಾಕಿದ ಕರ್ಚೀಫಿನಂತೆ ಹೊಳೆಯಿತು. ಬಾಲ ಚಕ್ಕುಲಿಯಂತೆ ಸುತ್ತಿತ್ತು. ಕಾಲ್ಬೆರಳುಗಳು ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಅಂಟಿಕೊಂಡು ಇಕ್ಕಳವಾಗಿದ್ದವು. ಬೆಳಕಿಗೆ ಎಚ್ಚರವಾಗಿ ಅದು ನಮ್ಮನ್ನು ನೋಡಿದ ರೀತಿಯೋ! ಮದುವೆಮನೆಯಲ್ಲಿ ಒಂದು ಕಣ್ಣು ಧಾರೆಯ ಮೇಲೆ, ಇನ್ನೊಂದು ಹೊರಗೆ ಬಿಟ್ಟ ಚಪ್ಪಲಿಯ ಮೇಲೆ ಇಡುವವರನ್ನು ನೀವೂ ಕಂಡಿರಬೇಕು.

ಬಾಲ, ಬೆರಳು, ಕಣ್ಣು: ಇಷ್ಟು ಕಲಿತು ನಾನು ಪಂಡಿತನಾದೆ. ಭಾರತದಲ್ಲಿರುವುದು ಒಂದೇ ಜಾತಿಯ ಗೋಸುಂಬೆಯಾದ್ದರಿಂದ ಪಾಂಡಿತ್ಯಕ್ಕೆ ಅಪಾಯವಿರಲಿಲ್ಲ. ಆಮೇಲೆ ಮಡಗಾಸ್ಕರಿನ ಬ್ರೂಕೇಸಿಯಾ ಎಂಬ ಗೋಸುಂಬೆಗಳ ಬಗ್ಗೆ ಓದಿದೆ. ಕಾಡಿನ ನೆಲದ ತರಗೆಲೆಯಲ್ಲೇ ಇವುಗಳ ಸಂಸಾರ, ಕತ್ತಲಾದರೆ ಗೇಣೆತ್ತರದ ಗಿಡವೇರಿ ನಿದ್ದೆ. ಬಣ್ಣದ ಆಟವೂ ಅಷ್ಟಕ್ಕಷ್ಟೆ. ಬಾಲ ಮೋಟು, ಚಕ್ಕುಲಿಯ ಮಾತೇ ಇಲ್ಲ. ನನ್ನ ಮೂರು ಗುರುತುಗಳಲ್ಲಿ ಒಂದು ಅಲ್ಲಿಗೇ ಬಿದ್ದುಹೋಯಿತು.

2012ರಲ್ಲಿ ಸಂಶೋಧಕ ಫ್ರಾಂಕ್ ಗ್ಲಾ ಮತ್ತು ಜೊತೆಗಾರರು ಆ ದ್ವೀಪದ ಉತ್ತರ ತುದಿಯಿಂದ ಒಮ್ಮೆಗೇ ನಾಲ್ಕು ಹೊಸ ಪುಟಾಣಿ ಜಾತಿಗಳನ್ನು ಹೆಸರಿಸಿದರು. ನೋಡಲು ನಾಲ್ಕೂ ಒಂದೇ ಅಚ್ಚು, ವಂಶವಾಹಿಯಲ್ಲಿ ಮಾತ್ರ ಬಹು ದೂರದ ನೆಂಟರು. ಒಂದಕ್ಕೆ 'ಟ್ರಿಸ್ಟಿಸ್', ಅಂದರೆ ದುಃಖಿ; ಇನ್ನೊಂದಕ್ಕೆ 'ಡೆಸ್ಪೆರಾಟಾ', ಆಸೆ ಬಿಟ್ಟದ್ದು; ಮತ್ತೊಂದಕ್ಕೆ 'ಕಾನ್ಫಿಡೆನ್ಸ್', ಭರವಸೆಯದ್ದು. ಮುಖ ನೋಡಿ ಇಟ್ಟ ಹೆಸರುಗಳಲ್ಲ, ಅವು ಬದುಕುವ ಕಾಡಿನ ಗತಿ ನೋಡಿ ಇಟ್ಟವು. ನಾಲ್ಕನೆಯ 'ಮೈಕ್ರಾ' ನೋಸಿ ಹಾರಾ ಎಂಬ ನಡುಗಡ್ಡೆಯದು, ಬಾಲ ಸೇರಿಸಿದರೂ ಮೂರು ಸೆಂಟಿಮೀಟರ್ ಮುಟ್ಟದು.

ಇಂಥವನ್ನು ಬೇರೆಬೇರೆಯೆಂದು ಹೇಳುವುದು ಹೇಗೆ? ವಂಶವಾಹಿ ಬಿಟ್ಟರೆ ಗಂಡಿನ ಜನನಾಂಗದ ಆಕಾರ ನೋಡಬೇಕಂತೆ. ಭಾವಮೈದನ ಎದುರು ಇದನ್ನು ಓದಿ ಹೇಳುವಾಗ ಅಕ್ಕಪಕ್ಕ ಹೆಂಗಸರಿದ್ದಾರೆಯೇ ಎಂದು ನೋಡಿಕೊಂಡೆ. 2021ರಲ್ಲಿ ಪ್ರಕಟವಾದ 'ನಾನಾ' ಎಂಬ ಜಾತಿಯ ಗಂಡು ಬಾಲ ಬಿಟ್ಟರೆ 13.5 ಮಿಲಿಮೀಟರ್, ಒಂದು ಕಡಲೇಕಾಯಿ ಬೀಜದಷ್ಟು. ಅದರಲ್ಲಿ ಈ ಗುರುತಿನ ಚೀಟಿಯೇ 2.5 ಮಿಲಿಮೀಟರ್. ಹೆಣ್ಣು ಗಾತ್ರದಲ್ಲಿ ಇನ್ನೂ ದೊಡ್ಡದಾದ್ದರಿಂದ ಗಂಡಿಗೆ ಅಷ್ಟು ಬೇಕಾಯಿತೆಂದು ಸಂಶೋಧಕರ ಊಹೆ. ಭಾವಮೈದ ಏನೂ ಹೇಳಲಿಲ್ಲ, ಎಲೆಯಡಿಕೆಯ ತಟ್ಟೆ ಎಳೆದುಕೊಂಡ.

ಮೊನ್ನೆ ಬೇಲಿಯ ಮೇಲಿದ್ದುದನ್ನು ತೋರಿಸಿ ಮೊಮ್ಮಗ, "ಅಜ್ಜಾ, ಗೋಸುಂಬೆ!" ಎಂದ. "ಹತ್ತಿರ ಹೋಗಿ ಕಾಲ್ಬೆರಳು ನೋಡು" ಎಂದೆ. ಅವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಅದು ಸರ್ರನೆ ಓಡಿ ಕಳ್ಳಿಯೊಳಗೆ ಮಾಯವಾಯಿತು. ಬೆರಳು ಕಾಣದಿದ್ದರೂ ಚಿಂತೆಯಿಲ್ಲ. ಗೋಸುಂಬೆಯಾಗಿದ್ದರೆ ಮೊದಲ ಹೆಜ್ಜೆಯನ್ನು ಇಡಲೋ ಬೇಡವೋ ಎಂದು ಇನ್ನೂ ಅಲ್ಲೇ ತೂಗಾಡುತ್ತಿರುತ್ತಿತ್ತು.