ಅಲ್ಲಾಡಿದರೆ ಮಾತ್ರ ಲೈಸೆನ್ಸು

ಗೋವಾದ ಕಡಲಂಚಿನ ಶ್ಯಾಕುಗಳಲ್ಲಿ ಅಲ್ಲಾಡದ ಟೇಬಲ್ಲನ್ನು ನಾನು ಇನ್ನೂ ಕಂಡಿಲ್ಲ. ಕಂಡರೆ ಮಾಲೀಕನ ಮೇಲೆ ಅನುಮಾನ ಪಡಬೇಕು. ಶ್ಯಾಕು ಅಂದರೆ ಬಿದಿರು, ಹಲಗೆ, ತೆಂಗಿನ ಗರಿಗಳಲ್ಲಿ ಕಟ್ಟಿದ ತಾತ್ಕಾಲಿಕ ಹೋಟೆಲು. ಮಳೆಗಾಲ ಮುಗಿದ ಮೇಲೆ ಎದ್ದು ನಿಂತು, ಮೇ 31ರೊಳಗೆ ಗಂಟುಮೂಟೆ ಕಟ್ಟಬೇಕು. ಸಿಮೆಂಟು ಸುರಿದು ಭದ್ರ ಮಾಡಲು ಹೋದರೆ ಕರಾವಳಿ ನಿಯಂತ್ರಣ ವಲಯದ ಕಾನೂನು ಅಡ್ಡ ಬರುತ್ತದೆ. ನಮ್ಮ ಕಡೆ ಕಟ್ಟಡ ಅಲ್ಲಾಡಿದರೆ ನೋಟೀಸು, ಅಲ್ಲಿ ಅಲ್ಲಾಡದಿದ್ದರೆ ನೋಟೀಸು.

ಇಂಥ ರಾಜ್ಯಕ್ಕೆ ನಾನು ನನ್ನ ಭಾವನನ್ನು ಕರೆದುಕೊಂಡು ಹೋಗಿದ್ದೆ. ಭಾವ ನಿವೃತ್ತ ಸಿವಿಲ್ ಎಂಜಿನಿಯರು. ಕೂರುವ ಮೊದಲು ಕುರ್ಚಿಯನ್ನು ಅಲ್ಲಾಡಿಸಿ ನೋಡುವ ಜಾತಿ. ಮದುವೆ ಮನೆಯಲ್ಲಿ ಊಟಕ್ಕೆ ಮುಂಚೆ ಚಪ್ಪರದ ಕಂಬ ಗುದ್ದಿ ನೋಡಿದ್ದಾನೆ. ಬೆನಾವ್ಲಿಯ ಒಂದು ಶ್ಯಾಕಿನಲ್ಲಿ ಅವನು ಮೊಣಕೈ ಊರಿದ್ದೇ ತಡ, ನನ್ನ ತಟ್ಟೆಯ ಬಂಗುಡೆ ಸಾರು ಅವನ ಕಡೆಗೆ ವಲಸೆ ಹೊರಟಿತು. ನಾನು ಊರಿದೆ, ವಾಪಸು ಬಂತು. ಭಾವ ಟಿಶ್ಯೂ ಕಾಗದವನ್ನು ಎಂಟು ಮಡಿಕೆ ಮಡಿಸಿ ಟೇಬಲ್ಲಿನ ಕಾಲಿಗೆ ಕೊಟ್ಟ. ಮರಳು ಅದನ್ನು ನುಂಗಿತು. ಇನ್ನೊಂದು ಕೊಟ್ಟ, ಅದೂ ಹೋಯಿತು. ಕೊನೆಗೆ ಮೆನು ಕಾರ್ಡಿಗೆ ಕೈ ಹಾಕಿದಾಗ ಮಾಣಿ ಓಡಿ ಬಂದ. ರೋಣ ತಾಲ್ಲೂಕಿನ ಹುಡುಗ.

‘ಸಾಹೇಬ್ರ, ಉಸುಕಿಗೆ ಕಾಗದ ಎಷ್ಟ್ ಹಾಕಿದ್ರೂ ತಿಂತೈತ್ರಿ. ಟೇಬಲ್ ತಿರುವ್ರಿ’ ಎಂದವನೇ ಎರಡು ಮೂಲೆ ಹಿಡಿದು, ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟು ತಿರುಗಿಸಿದ. ನಾಲ್ಕೂ ಕಾಲು ಕೂತವು. ಭಾವನ ಮುಖ ಸಪ್ಪಗಾಯಿತು.

ಆ ಹುಡುಗ ಮಾಡಿದ್ದು ಗಣಿತ. ದಿಢೀರ್ ಮೆಟ್ಟಿಲುಗಳಿಲ್ಲದ, ತೀರಾ ಕಡಿದಲ್ಲದ ಏರುತಗ್ಗಿನ ನೆಲದ ಮೇಲೆ ಸಮ ಕಾಲುಗಳ ಚೌಕ ಟೇಬಲ್ಲನ್ನು ಕಾಲು ಸುತ್ತು ತಿರುಗಿಸುವಷ್ಟರಲ್ಲಿ ಎಲ್ಲೋ ಒಂದು ಕಡೆ ನಾಲ್ಕೂ ಕಾಲು ನೆಲಕ್ಕೆ ತಾಗಲೇಬೇಕು. ಜಿನೀವಾದ ಸರ್ನ್ ಪ್ರಯೋಗಾಲಯದ ಭೌತವಿಜ್ಞಾನಿ ಆಂದ್ರೆ ಮಾರ್ಟಿನ್, ಅಲ್ಲಿನ ಕ್ಯಾಂಟೀನಿನ ಹೊರಾಂಗಣದ ಟೇಬಲ್ಲುಗಳ ಕಾಟ ತಾಳಲಾರದೆ ಇದಕ್ಕೆ ಸಾಧನೆ ಬರೆದು 2005ರಲ್ಲಿ ಜಗತ್ತಿನ ಮುಂದಿಟ್ಟರು. ಬ್ರಹ್ಮಾಂಡದ ಕಣಗಳನ್ನು ಡಿಕ್ಕಿ ಹೊಡೆಸಿ ನೋಡುವವರಿಗೂ ಕಾಫಿ ತುಳುಕುವುದು ತಪ್ಪಿಲ್ಲ. ಅವರಿಗಿಂತ ಬಹಳ ಮುಂಚೆ, 1970ರಲ್ಲಿ, ಟೇಬಲ್ಲುಗಳ ಬಗೆಗೇ ಒಂದು ಪ್ರಮೇಯ ಬರೆದ ಗಣಿತಜ್ಞನ ಹೆಸರು ರೋಜರ್ ಫೆನ್. ಗೋವಾದಲ್ಲಿ ಕೂತು ಈ ಹೆಸರು ಹೇಳಿದರೆ ಯಾರೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ, ಗ್ಲಾಸು ತರುತ್ತಾರೆ. ಒಂದು ಎಚ್ಚರಿಕೆ: ಕಾಲು ನಾಲ್ಕೂ ಊರುತ್ತವೆಂದು ಮಾತ್ರ ಗಣಿತದ ಭರವಸೆ. ಮೇಲಿನ ಹಲಗೆ ಮಟ್ಟಸವಾಗಿರುತ್ತದೆಂದು ಅಲ್ಲ. ನಮ್ಮ ಟೇಬಲ್ಲು ಅಲ್ಲಾಡುವುದನ್ನು ಬಿಟ್ಟಿತು, ಸಾರು ಭಾವನ ಕಡೆಗೇ ಖಾಯಂ ಆಯಿತು.

ಗ್ಲಾಸಿನ ಮಾತು ಬಂದದ್ದರಿಂದ ಫೆನ್ನಿಯ ವಿಚಾರ. ಗೇರು ಮರವನ್ನು ಬ್ರೆಜಿಲಿನಿಂದ ಪೋರ್ಚುಗೀಸರು ತಂದರು. ಗೋವಾದವರು ಬೀಜ ಬೇರೆ ಮಾಡಿ, ಹಣ್ಣು ತುಳಿದು, ರಸ ಹುಳಿಸಿ, ಭಟ್ಟಿಗಿಟ್ಟರು. ಮೊದಲ ಸಲ ಇಳಿದದ್ದು ಉರ್ರಾಕ್. ಬೇಸಿಗೆಯ ಒಂದೆರಡು ತಿಂಗಳು ಮಾತ್ರ ಸಿಗುವ ಮೃದು ಸ್ವಭಾವದ್ದು, ಲಿಂಬೆ ಸೋಡದ ಜೊತೆ ಹುಡುಗುತನ ತೋರಿಸುತ್ತದೆ. ಅದನ್ನು ಮತ್ತೆ ಭಟ್ಟಿ ಇಳಿಸಿದರೆ ಫೆನ್ನಿ. 2009ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ಫೇಣ ಎಂದರೆ ನೊರೆ, ಹೆಸರು ಬಂದದ್ದು ಅದರಿಂದ ಎನ್ನುತ್ತಾರೆ. ಹಳೇ ಭಟ್ಟಿಯವರು ಸರಕಿನ ಕಸುವು ನೋಡಲು ಬಾಟಲಿ ಅಲ್ಲಾಡಿಸಿ ನೊರೆಯ ಗುಳ್ಳೆ ಎಷ್ಟು ಹೊತ್ತು ನಿಲ್ಲುತ್ತದೆಂದು ದಿಟ್ಟಿಸುತ್ತಾರೆ. ನಮ್ಮ ಎದುರಿಗೇ ಒಬ್ಬಾತ ಅಲ್ಲಾಡಿಸಿದ. ಸಣ್ಣ ಮುತ್ತಿನಂಥ ಗುಳ್ಳೆಗಳು ಬಾಟಲಿಯ ಕುತ್ತಿಗೆಯಲ್ಲಿ ಮಾಲೆ ಕಟ್ಟಿ ನಿಂತವು. ‘ಕ್ವಾಲಿಟಿ ಕಂಟ್ರೋಲ್’ ಎಂದು ಭಾವ ಮೊದಲ ಸಲ ಮೆಚ್ಚಿಕೊಂಡ.

ಮರುದಿನ ಬೆಳಿಗ್ಗೆ ಅವನು ಹಾಸಿಗೆಯಿಂದಲೇ ‘ಸ್ವಲ್ಪ ಗ್ರಾಗಿ ಅನಿಸ್ತಿದೆ’ ಎಂದ. ನಿದ್ದೆ ಕೆಟ್ಟವರು, ಮಾತ್ರೆ ನುಂಗಿದವರು, ಆರನೇ ಸುತ್ತಿನ ಬಾಕ್ಸರು ಎಲ್ಲರೂ ಈ ಪದ ಬಳಸಿ ಸಭ್ಯರಾಗುತ್ತಾರೆ. ಅದರ ಮೂಲ ಮಾತ್ರ ಅಷ್ಟು ಸಭ್ಯವಲ್ಲ. 1740ರಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಎಡ್ವರ್ಡ್ ವರ್ನನ್ ತನ್ನ ನಾವಿಕರು ಕಂಠಪೂರ್ತಿ ಕುಡಿದು ಹಗ್ಗ ಹತ್ತುತ್ತಾರೆಂದು ರಮ್ಮಿಗೆ ನೀರು ಬೆರೆಸಿ ಕೊಡಲು ಹುಕುಂ ಮಾಡಿದ. ಆತ ಗ್ರಾಗ್ರಮ್ ಎಂಬ ಒರಟು ಬಟ್ಟೆಯ ನಿಲುವಂಗಿ ಹಾಕುತ್ತಿದ್ದುದರಿಂದ ಹುಡುಗರು ಅವನನ್ನು ‘ಮುದಿ ಗ್ರಾಗ್’ ಎನ್ನುತ್ತಿದ್ದರಂತೆ. ನೀರು ಬೆರೆತ ರಮ್ಮಿಗೂ ಅದೇ ಹೆಸರು, ಅದನ್ನು ಕುಡಿದು ತೂರಾಡುವವನು ಗ್ರಾಗಿ. ಇದನ್ನೆಲ್ಲ ಭಾವನಿಗೆ ವಿವರಿಸಿದೆ. ‘ನೀರು ಬೆರೆಸಬೇಕಿತ್ತು’ ಎಂದಷ್ಟೇ ಹೇಳಿ ಮಗ್ಗುಲು ಬದಲಿಸಿದ.

ಅವನ ತಲೆ ನೆಟ್ಟಗಾದ ಮೇಲೆ ಪಣಜಿಯಿಂದ ಬೆತಿಗೆ ಫೆರ್ರಿಯಲ್ಲಿ ಹೊರಟೆವು. ಅಗಲ ತಳದ ಕಬ್ಬಿಣದ ದೋಣಿ. ಸ್ಕೂಟರಿನವರು ಎಂಜಿನ್ ಆರಿಸಿ, ಒಂದು ಕಾಲು ಊರಿಕೊಂಡು ಮೊಬೈಲು ನೋಡುತ್ತಾರೆ. ಮೀನಿನ ಬುಟ್ಟಿ ಹೊತ್ತ ಹೆಂಗಸು ಯಾವ ಆಸರೆಯೂ ಇಲ್ಲದೆ ನಡುವೆ ನಿಂತಿದ್ದಳು, ದೋಣಿ ಎಡಕ್ಕೆ ವಾಲಿದರೆ ಅವಳ ಸೊಂಟ ಬಲಕ್ಕೆ. ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದವನು ನಮ್ಮ ಎಂಜಿನಿಯರು ಒಬ್ಬನೇ. ‘ತಲೆಯ ಮೇಲೆ ಇಷ್ಟು ಸೇತುವೆ ಇರುವಾಗ ಇದ್ಯಾಕೆ?’ ಅಂದ.

ಪ್ರಶ್ನೆಯೇನೋ ಸರಿ. ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ಈಗ ಮೂರು ಸೇತುವೆ. ಆದರೆ ಅವೆಲ್ಲಕ್ಕಿಂತ ಮುಂಚೆ ಒಂದಿತ್ತು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ, 1986ರ ಜುಲೈ 5ರಂದು ಕುಸಿಯಿತು. ಕಾಂಕ್ರೀಟಿನ ಒಳಗೆ ಬಿಗಿದ ಉಕ್ಕಿನ ತಂತಿಗಳಿಗೆ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿದಿತ್ತು. ಹೊರಗಿನಿಂದ ನೋಡಿದವರಿಗೆ ಭದ್ರವಾಗಿಯೇ ಕಂಡಿರಬೇಕು, ಭಾವನಂಥವರು ಗುದ್ದಿ ನೋಡಿದ್ದರೂ ಪಾಸು ಮಾಡುತ್ತಿದ್ದರು. ಆಮೇಲೆ ವರ್ಷಗಟ್ಟಲೆ ಇಡೀ ಪಣಜಿಯನ್ನು ಆಚೆ ಈಚೆ ದಾಟಿಸಿದ್ದು ಓಲಾಡುವ ಈ ಫೆರ್ರಿಗಳೇ. 2019ರಲ್ಲಿ ತೆರೆದ ಅಟಲ್ ಸೇತುವಂತೂ ಕೇಬಲ್ಲುಗಳಲ್ಲಿ ತೂಗುಹಾಕಿದ್ದು. ಅಷ್ಟಿಷ್ಟು ಅಲುಗಾಡುವ ಲೆಕ್ಕ ಹಾಕಿಯೇ ಇಂಥವನ್ನು ಕಟ್ಟುತ್ತಾರೆಂದು ಭಾವನೇ ಒಪ್ಪಿಕೊಂಡ, ಸರಳು ಮಾತ್ರ ಬಿಡಲಿಲ್ಲ.

ಸೇತುವೆಗಳ ಅಡಿಯಲ್ಲಿ ದೀಪ ಮಿಣುಕಿಸುವ ಹಡಗುಗಳು ಕ್ಯಾಸಿನೋಗಳು. ಇಲ್ಲೂ ಮತ್ತೆ ಟೇಬಲ್ಲಿನದೇ ಕತೆ. ದಡದ ಪಂಚತಾರಾ ಹೋಟೆಲಿನಲ್ಲಿ ಮಶೀನು ಒತ್ತಿ ಜೂಜಾಡಬಹುದು. ಮನುಷ್ಯರು ಎಲೆ ಹಂಚುವ ಟೇಬಲ್ಲು ಬೇಕಾದರೆ ನೀರಿನ ಮೇಲಕ್ಕೇ ಹೋಗಬೇಕು. 1996ರಲ್ಲಿ ಜೂಜಿನ ಕಾಯಿದೆಗೆ ತಂದ ತಿದ್ದುಪಡಿ ಹಾಗೆ ಅನುಮತಿ ಕೊಟ್ಟಿದೆ. ನೆಲದ ಮೇಲೆ ಪಾಪ, ನೀರಿನ ಮೇಲೆ ಆದಾಯ.

ಇನ್ನು ಅಲ್ಲಿನ ಅಲ್ಲಾಡುವ ಸರ್ಕಾರಗಳು. 1990ರಲ್ಲಿ ಚರ್ಚಿಲ್ ಅಲೆಮಾವೋ 18 ದಿನ ಮುಖ್ಯಮಂತ್ರಿಯಾಗಿದ್ದರು. 1994ರ ಏಪ್ರಿಲಿನಲ್ಲಿ ರವಿ ನಾಯಕ್ ಒಂದು ವಾರವೂ ಕುರ್ಚಿಯಲ್ಲಿ ಕೂರಲಿಲ್ಲ. ಪ್ರವಾಸಿಗರು ಅದಕ್ಕಿಂತ ದೀರ್ಘ ಬುಕಿಂಗ್ ಮಾಡುತ್ತಾರೆ. ನಾವು ನಗುವ ಹಾಗಿಲ್ಲ, 2010ರಲ್ಲಿ ನಮ್ಮ ಭಿನ್ನಮತೀಯ ಶಾಸಕರೂ ಓಲಾಡಲು ಗೋವಾದ ರೆಸಾರ್ಟನ್ನೇ ಆರಿಸಿಕೊಂಡಿದ್ದರು. 2019ರ ಜುಲೈನಲ್ಲಿ ಗೋವಾದ ಹತ್ತು ಕಾಂಗ್ರೆಸ್ ಶಾಸಕರು ಒಂದೇ ಸಲಕ್ಕೆ ಬಿಜೆಪಿಯ ಕಡೆ ವಾಲಿದ್ದರಿಂದ ಬುದ್ಧಿ ಕಲಿತ ಕಾಂಗ್ರೆಸ್, 2022ರ ಚುನಾವಣೆಗೆ ಮುನ್ನ ತನ್ನ ಅಭ್ಯರ್ಥಿಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ಪಣಜಿಯ ಮಹಾಲಕ್ಷ್ಮಿ ಗುಡಿ, ಬಾಂಬೋಳಿಯ ಶಿಲುಬೆ, ಬೆತಿಯ ದರ್ಗಾ, ಹೀಗೆ ಮೂರೂ ಕಡೆ ನಿಲ್ಲಿಸಿ ಪಕ್ಷ ಬಿಡುವುದಿಲ್ಲವೆಂದು ಪ್ರಮಾಣ ಮಾಡಿಸಿತು. ಗೆದ್ದವರು ಹನ್ನೊಂದು. ಸೆಪ್ಟೆಂಬರಿನಲ್ಲಿ ಅವರಲ್ಲಿ ಎಂಟು ಮಂದಿ ಬಿಜೆಪಿ ಸೇರಿದರು. ಪ್ರಮಾಣದ ಗತಿಯೇನೆಂದು ಪತ್ರಕರ್ತರು ಕೇಳಿದ್ದಕ್ಕೆ, ಮತ್ತೆ ಗುಡಿಗೆ ಹೋಗಿ ದೇವರನ್ನೇ ಕೇಳಿದೆ, ನಿನಗೆ ಒಳ್ಳೆಯದೆನಿಸಿದ್ದನ್ನು ಮಾಡು ಅಂತ ಅಪ್ಪಣೆಯಾಯಿತು ಎಂಬರ್ಥದಲ್ಲಿ ಒಬ್ಬ ಮಾಜಿ ಮುಖ್ಯಮಂತ್ರಿ ಉತ್ತರಿಸಿದರು. ಶಿಲುಬೆ ಮತ್ತು ದರ್ಗಾದ ಕಡೆಯಿಂದ ಏನು ಅಪ್ಪಣೆಯಾಯಿತೆಂಬ ವರದಿ ನನ್ನ ಕಣ್ಣಿಗೆ ಬೀಳಲಿಲ್ಲ.